ಹುಳಿ ಹೊತ್ತ ಕಲ್ಲು

ನಾನು ಒಂದು ಕಲ್ಚಟ್ಟಿ. ಬಳಪದ ಕಲ್ಲಿನಲ್ಲಿ ಕಡೆದ, ಮೂರು ಸೇರು ಹಿಡಿಯುವ, ದಪ್ಪ ಅಂಚಿನ ಪಾತ್ರೆ. ನನ್ನಲ್ಲಿ ಅನ್ನ ಬೆಂದದ್ದಿಲ್ಲ, ಹಾಲು ಉಕ್ಕಿದ್ದಿಲ್ಲ. ನಾನು ಹುಟ್ಟಿದ್ದೇ ಹುಳಿಗಾಗಿ. ಹುಣಸೆಹಣ್ಣಿನ ರಸವನ್ನು ಹಿತ್ತಾಳೆಯಲ್ಲಿ ಕುದಿಸಿದರೆ ಕಿಲುಬು ಬಿಡುತ್ತದೆ. ಅಲ್ಯೂಮಿನಿಯಂನಲ್ಲಿ ಕುದಿಸಿದರೆ ಪಾತ್ರೆಯೇ ಸವೆಯುತ್ತದೆ. ಕಲ್ಲಿಗೆ ಮಾತ್ರ ಹುಳಿ ಏನೂ ಮಾಡದು ಎಂದು ಜನ ನಂಬಿದ್ದಾರೆ. ಇಷ್ಟು ವರ್ಷ ಹುಳಿ ಹೊತ್ತ ಮೇಲೆ ನನಗೆ ಅದು ಅಷ್ಟು ಖಚಿತವಿಲ್ಲ.

ನನ್ನನ್ನು ಕಡೆದವನು ಕಾಳಾಚಾರಿ ಎಂಬ ಕಲ್ಕುಟಿಗ. ಅವನ ಊರಿನ ಹಿಂದೊಂದು ಬೋಳು ಗುಡ್ಡವಿತ್ತು. ಅದರ ಹೊಟ್ಟೆಯಿಂದ ನನ್ನನ್ನು ಗುದ್ದಲಿಯಲ್ಲಿ ಕಿತ್ತು, ತಲೆಯ ಮೇಲೆ ಹೊತ್ತು ತಂದ. ಅವನ ಹೆಂಡತಿ ಹಗ್ಗ ಎಳೆದಂತೆಲ್ಲ ನನ್ನನ್ನು ಸಿಕ್ಕಿಸಿದ ಚರಕಿ ತಿರುಗುತ್ತಿತ್ತು. ಅವನು ಉಳಿ ಹಿಡಿದು ನನ್ನ ಒಳಗನ್ನು ತೋಡುತ್ತಿದ್ದ. ಬಿಳಿ ಪುಡಿ ಇಬ್ಬರ ಹುಬ್ಬಿನ ಮೇಲೂ ಕೂರುತ್ತಿತ್ತು. ಇಬ್ಬರೂ ಕೆಮ್ಮುತ್ತಿದ್ದರು. ಎರಡು ದಿನದ ಹೊತ್ತಿಗೆ ನಾನು ಪಾತ್ರೆಯಾದೆ. ಮೂರನೆಯ ದಿನ ಹುಲ್ಲಿನಲ್ಲಿ ಸುತ್ತಿಸಿಕೊಂಡು, ಗಾಡಿಯಲ್ಲಿ ಕುಳಿತು ಅರಸೀಕೆರೆಯ ಸಂತೆಗೆ ಬಂದೆ.

ಸಂತೆಯಲ್ಲಿ ನನ್ನನ್ನು ಆರಿಸಿಕೊಂಡವಳು ಹಾಲಮ್ಮ. ಅಗಲ ಹಣೆಯ, ಬಿಗಿ ತುಟಿಯ ಹೆಂಗಸು. ಮಗ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಹಳಿ ಬದಲಾಯಿಸುವ, ಡಬ್ಬಿಗಳನ್ನು ಜೋಡಿಸುವ ಕೆಲಸ. ತಾಯಿ ಮಗ ಇಬ್ಬರೇ ರೈಲ್ವೆ ಕ್ವಾರ್ಟರ್ಸಿನ ಒಂದು ಕೋಣೆ, ಒಂದು ಅಡಿಗೆಮನೆಯಲ್ಲಿ ಇದ್ದರು. ಹಾಲಮ್ಮ ಸಾಲಾಗಿಟ್ಟ ಹನ್ನೆರಡು ಚಟ್ಟಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದಳು. ನನ್ನನ್ನು ಎರಡು ಸಲ ತಟ್ಟಿದಳು.

"ಇದು ಆಗ್ಬೋದು," ಎಂದಳು.

ಅದೇ ಅವಳ ಅತಿ ದೊಡ್ಡ ಮೆಚ್ಚುಗೆ ಎಂದು ನನಗಾಗ ಗೊತ್ತಿರಲಿಲ್ಲ.

ಹೊಸ ಕಲ್ಚಟ್ಟಿಯನ್ನು ಒಲೆಗೇರಿಸಿದರೆ ಸೀಳಿಹೋಗುತ್ತದೆ. ಮೊದಲು ಪಳಗಿಸಬೇಕು. ಹಾಲಮ್ಮ ನನಗೆ ಹರಳೆಣ್ಣೆ ಅರಿಶಿನ ಬಳಿದು ಬಿಸಿಲಿಗಿಟ್ಟಳು. ದಿನವೂ ಬಿಸಿ ಗಂಜಿ ತುಂಬಿ ಆರಲು ಬಿಟ್ಟಳು. ಹದಿನೈದು ದಿನ ಕಳೆದ ಮೇಲೆ ಸಣ್ಣ ಉರಿ, ಆಮೇಲೆ ದೊಡ್ಡದು. ಬೂದಿಬಣ್ಣದ ನಾನು ನಿಧಾನವಾಗಿ ಕಪ್ಪಾದೆ. ನೆಲದ ಮೇಲಿನ ಒಲೆ ನನ್ನ ಜಾಗವಾಯಿತು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಹಾಲಮ್ಮನ ಗಲ್ಲ, ಮೂಗಿನ ಹೊಳ್ಳೆ, ಅದರಾಚೆ ಹೊಗೆ ಹಿಡಿದ ಹಂಚು. ಮನುಷ್ಯರನ್ನು ಕೆಳಗಿನಿಂದ ನೋಡುವವರಿಗೆ ಅವರ ದಣಿವು ಬೇಗ ಕಾಣುತ್ತದೆ. ಮುಖದಲ್ಲಿ ಮುಚ್ಚಿಟ್ಟದ್ದು ಗಲ್ಲದ ಕೆಳಗೆ ಜೋತಾಡುತ್ತಿರುತ್ತದೆ.

ಎರಡು ವರ್ಷದ ಮೇಲೆ ಆ ಮನೆಗೆ ಸೊಸೆ ಬಂದಳು. ಹೆಸರು ದಾಕ್ಷಾಯಿಣಿ. ಕಡೂರಿನ ಕಡೆಯವಳು, ಹತ್ತೊಂಬತ್ತು ವರ್ಷ. ಗಂಡ ರುದ್ರಮುನಿ ಅವಳನ್ನು ದಾಕ್ಷಿ ಎನ್ನುತ್ತಿದ್ದ. ಬಂದ ನಾಲ್ಕನೆಯ ದಿನ ಹಾಲಮ್ಮ ಒಲೆಯ ಮುಂದಿನಿಂದ ಎದ್ದು, "ಇವತ್ತು ಹಾಗಲಕಾಯಿ ಗೊಜ್ಜು ನೀನು ಮಾಡು," ಎಂದಳು.

ದಾಕ್ಷಾಯಿಣಿ ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಹಿಂಡಿ, ನನ್ನಲ್ಲಿ ಎಣ್ಣೆ ಕಾಯಿಸಿ ಬಾಡಿಸಿದಳು. ಹುಣಸೆರಸ ಹೊಯ್ದಳು. ಎಳ್ಳು, ಕೊಬ್ಬರಿ, ಮೆಣಸಿನಕಾಯಿ, ಮೆಂತ್ಯ ಹುರಿದು ಕುಟ್ಟಿದ ಪುಡಿ ಹಾಕಿದಳು. ಕೊನೆಗೆ ಬೆಲ್ಲ. ಸೌಟಿನಿಂದ ಒಂದು ತೊಟ್ಟು ತೆಗೆದು ಅತ್ತೆಯ ಅಂಗೈಗೆ ಬಿಟ್ಟಳು. ಹಾಲಮ್ಮ ನೆಕ್ಕಿ, ಕಣ್ಣು ಮುಚ್ಚಿ ನಿಂತಳು.

"ಹುಳಿ ಮುಂದಕ್ಕೆ ಬಂದೈತೆ, ಬೆಲ್ಲ ಹಿಂದೆ ಉಳ್ಕೊಂಡೈತೆ. ಎರಡೂ ಒಟ್ಟಿಗೆ ಬಾಗಿಲು ದಾಟ್ಬೇಕು ಕಣವ್ವ. ಒಂದು ಒಳಗೆ ಬಂದು ಕೂತ್ಮೇಲೆ ಇನ್ನೊಂದು ಬಂದ್ರೆ ಅದು ಗೊಜ್ಜಲ್ಲ, ಜಗಳ."

ಇನ್ನೊಂದು ಚೂರು ಬೆಲ್ಲ ಬಿತ್ತು. ಮತ್ತೆ ಅಂಗೈ. "ಊಹುಂ." ಮತ್ತೆ ಚೂರು ಉಪ್ಪು. "ಊಂ. ಇಳಿಸು."

ಹೀಗೆ ಹನ್ನೊಂದು ವರ್ಷ ನಡೆಯಿತು. ಹಾಲಮ್ಮ ಬೈಯುವವಳಲ್ಲ, ಹೊಗಳುವವಳೂ ಅಲ್ಲ. ಸರಿಯಿಲ್ಲದಿದ್ದರೆ "ಊಹುಂ," ಸರಿಯಾದರೆ "ಇಳಿಸು." ಕಲ್ಚಟ್ಟಿಯನ್ನು ಹದ ಬರುವುದಕ್ಕಿಂತ ಸ್ವಲ್ಪ ಮೊದಲೇ ಇಳಿಸಬೇಕು, ಒಲೆಯಿಂದ ಇಳಿದ ಮೇಲೂ ನಾನು ಬಹಳ ಹೊತ್ತು ಕುದಿಯುತ್ತೇನೆ. ಆ ಹೊತ್ತನ್ನು ಹಾಲಮ್ಮನ ನಾಲಿಗೆ ಮೊದಲೇ ಲೆಕ್ಕ ಹಾಕಿರುತ್ತಿತ್ತು. ದಾಕ್ಷಾಯಿಣಿ ಕೆಲವೊಮ್ಮೆ ನನ್ನ ಮುಂದೆ ಕುಳಿತು, ಅತ್ತೆ ಆಚೆ ಹೋದ ಮೇಲೆ, ಹಲ್ಲು ಕಚ್ಚಿ ಸೌಟನ್ನು ನನ್ನ ಅಂಚಿಗೆ ಟಣ್ ಎಂದು ಕುಟ್ಟುತ್ತಿದ್ದಳು. ನನಗೆ ನೋವಾಗುತ್ತಿರಲಿಲ್ಲ. ಅವಳಿಗೂ ಯಾರನ್ನಾದರೂ ಹೊಡೆಯಬೇಕಿತ್ತು.

ಮಗಳು ಸರ್ವಮಂಗಳೆ ಹುಟ್ಟಿದ್ದು ಆ ನಡುವೆ. ಅವಳಿಗೆ ಏಳು ತುಂಬಿದ ವರ್ಷ ರುದ್ರಮುನಿಯ ಕಾಲು ಹೋಯಿತು. ಮಳೆಯಲ್ಲಿ ನೆನೆದ ಹಲಗೆ, ಜಾರಿದ ಪಾದ, ಹಿಂದಕ್ಕೆ ಸರಿದ ಎರಡು ಗೂಡ್ಸ್ ಡಬ್ಬಿ. ಯಾರ ತಪ್ಪೂ ಅಲ್ಲ ಎಂದು ಅವನೇ ಹೇಳಿದ. ಮೂರು ತಿಂಗಳ ಮೇಲೆ ಊರುಗೋಲಿನಲ್ಲಿ ಮನೆಗೆ ಬಂದ. ಅವನಿಗೆ ದೀಪದ ಕೋಣೆಯಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು: ಸಿಗ್ನಲ್ ದೀಪಗಳ ಬತ್ತಿ ಕತ್ತರಿಸುವುದು, ಗಾಜು ಒರೆಸುವುದು, ಸೀಮೆಎಣ್ಣೆ ತುಂಬುವುದು. ಸಂಬಳ ಕಡಿಮೆಯಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು. ತಟ್ಟೆಯ ಮುಂದೆ ಕುಳಿತರೆ ಬಡಿಸಿದ್ದನ್ನು ತಿಂದು ಏಳುತ್ತಿದ್ದ.

ಆಗ ದಾಕ್ಷಾಯಿಣಿ ಊಟದ ಕ್ಯಾರಿಯರ್ ಶುರುಮಾಡಿದಳು. ಜಂಕ್ಷನ್ನಿನಲ್ಲಿ ಒಂಟಿಯಾಗಿದ್ದ ಡ್ರೈವರುಗಳು, ಫೈರ್‌ಮನ್ನುಗಳು, ಬುಕಿಂಗ್ ಗುಮಾಸ್ತರು ಬೇಕಾದಷ್ಟಿದ್ದರು. ಮೊದಲು ಮೂರು ಕ್ಯಾರಿಯರ್, ಒಂದು ವರ್ಷದಲ್ಲಿ ಹದಿನಾಲ್ಕು. ಎಲ್ಲರ ಮನೆಯಲ್ಲೂ ಅನ್ನ ಸಾರು ಆಗುತ್ತದೆ. ದಾಕ್ಷಾಯಿಣಿಯ ಕ್ಯಾರಿಯರಿಗೆ ಹೆಸರು ಬಂದದ್ದು ಮೇಲಿನ ಪುಟ್ಟ ಡಬ್ಬಿಯಿಂದ. ಅದರಲ್ಲಿ ದಿನಕ್ಕೊಂದು ಗೊಜ್ಜು: ಬೆಂಡೆಕಾಯಿ, ಹಾಗಲ, ಅನಾನಸು, ಮಾವು, ಕಿತ್ತಳೆ ಸಿಪ್ಪೆ. ಎಲ್ಲವೂ ನನ್ನಲ್ಲೇ. ಹುಬ್ಬಳ್ಳಿ ಪ್ಯಾಸೆಂಜರ್ ಬೆಳಗ್ಗೆ ಕೂಗಿದ ಕೂಡಲೇ ಅವಳು ಏಳುತ್ತಿದ್ದಳು. ಇಂಜಿನ್ನಿನ ಬೂದಿಗುಂಡಿಯಿಂದ ಆರಿಸಿ ತಂದ ಕಲ್ಲಿದ್ದಲಿನ ಚೂರುಗಳು ನನ್ನಡಿಯಲ್ಲಿ ಕೆಂಪಾಗುತ್ತಿದ್ದವು.

ಆ ಕಾಲದಲ್ಲಿ ಪಕ್ಕದ ಕ್ವಾರ್ಟರ್ಸಿಗೆ ಒಬ್ಬ ಬಂಗಾಳಿ ಗಾರ್ಡ್ ಬಂದ. ಅವನ ಹೆಂಡತಿ ನೀಲಿಮಾ. ಅವಳು ಊರೂರು ತಿರುಗಿ ಅಲ್ಲಲ್ಲಿಯ ಮಾತನ್ನು ಅರ್ಧರ್ಧ ಕಲಿತಿದ್ದಳು. ಒಂದು ದಿನ ಗೊಜ್ಜಿನ ವಾಸನೆ ಹಿಡಿದು ಬಾಗಿಲಿಗೇ ಬಂದು ನಿಂತಳು.

"ದೀದಿ, ಏನು ಇದು? ನಮ್ಮ ಊರು ಬಂತು ನನ್ನ ಮೂಗಿಗೆ."

ಮಾರನೆಯ ದಿನ ಅವಳು ಟೊಮೆಟೊ, ಖರ್ಜೂರ, ಮಾವಿನ ಹಪ್ಪಳ ತಂದು, ನನ್ನಲ್ಲಿ ಐದು ಬಗೆಯ ಕಾಳುಗಳ ಒಗ್ಗರಣೆ ಹಾಕಿ ತನ್ನೂರಿನ ಚಟ್ನಿ ಮಾಡಿದಳು. ಊಟದ ಕೊನೆಗೆ ಅದನ್ನು ತಿನ್ನುತ್ತಾರಂತೆ. ಇನ್ನೊಂದು ಭಾನುವಾರ ಅನಾನಸಿನ ಹೋಳು, ಗಜ್ಜರಿ, ದೊಣ್ಣೆ ಮೆಣಸಿನಕಾಯಿ, ವಿನಿಗರ್, ಸಕ್ಕರೆ. ಕಲ್ಕತ್ತೆಯಲ್ಲಿ ಅವರ ಬೀದಿಯಲ್ಲಿದ್ದ ಚೀನೀಯರ ಮನೆಯವರು ಅವಳ ತಾಯಿಗೆ ಕಲಿಸಿಕೊಟ್ಟದ್ದಂತೆ. ನೀರಲ್ಲಿ ಕಲಸಿದ ಮೆಕ್ಕೆಜೋಳದ ಹಿಟ್ಟು ಬಿದ್ದ ಕೂಡಲೇ ರಸ ಗಾಜಿನಂತೆ ಹೊಳೆಯಿತು. ದಾಕ್ಷಾಯಿಣಿ ಬೆರಗಾಗಿ ನೋಡಿದಳು. ಹಾಲಮ್ಮನ ಅಂಗೈಗೂ ಒಂದು ತೊಟ್ಟು ಹೋಯಿತು.

ಹಾಲಮ್ಮ ಬಹಳ ಹೊತ್ತು ಚಪ್ಪರಿಸಿ, "ಇದೂ ಗೊಜ್ಜೇ. ಊರು ಬೇರೆ, ಅಷ್ಟೇಯ. ಬೆಲ್ಲಕ್ಕೆ ಬದ್ಲು ಸಕ್ಕರೆ ಹಾಕವ್ಳೆ, ಪಾಪ, ಗೊತ್ತಿಲ್ಲ," ಎಂದಳು.

ನೀಲಿಮಾ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ದಾಕ್ಷಾಯಿಣಿಯೂ ನಕ್ಕಳು. ಆ ಅಡಿಗೆಮನೆಯಲ್ಲಿ ನಾನು ಕೇಳಿದ ದೊಡ್ಡ ನಗು ಅದೊಂದೇ. ಎರಡು ವರ್ಷದ ಮೇಲೆ ಗಾರ್ಡ್‌ಗೆ ಖರಗಪುರಕ್ಕೆ ವರ್ಗವಾಯಿತು. ನೀಲಿಮಾ ಹೋದಳು. ಅವಳ ಖರ್ಜೂರದ ಚಟ್ನಿ ಮಾತ್ರ ಭಾನುವಾರದ ಕ್ಯಾರಿಯರಿನಲ್ಲಿ ಉಳಿಯಿತು.

ಹಾಲಮ್ಮನಿಗೆ ವಯಸ್ಸಾಯಿತು. ಮೊದಲು ಬಲಗೈ ನಡುಗತೊಡಗಿತು, ಆಮೇಲೆ ಎರಡೂ. ನಂತರ ಸೊಂಟ ಬಿದ್ದಿತು. ಅವಳನ್ನು ಅಡಿಗೆಮನೆಯ ಬಾಗಿಲಿಗೆ ತಾಗಿಸಿ ಹಾಕಿದ ಮಂಚದ ಮೇಲೆ ಮಲಗಿಸಿದರು. ಇಷ್ಟರಲ್ಲಿ ದಾಕ್ಷಾಯಿಣಿಗೆ ಅವಳ ಅಂಗೈ ಬೇಕಾಗಿರಲಿಲ್ಲ. ತನ್ನದೇ ನಾಲಿಗೆಯಿಂದ ನೋಡಿ, ತಾನೇ ಇಳಿಸುತ್ತಿದ್ದಳು. ಮಂಚದಿಂದ ಆಗಾಗ, "ಇವತ್ತು ಮೆಂತ್ಯ ಸೀದೈತೆ," ಎಂದು ದನಿ ಬರುತ್ತಿತ್ತು. ದಾಕ್ಷಾಯಿಣಿ ಕೇಳಿಸದವಳಂತೆ ಇರುತ್ತಿದ್ದಳು.

ಸರ್ವಮಂಗಳೆ ನರ್ಸಿಂಗ್ ಕಲಿಯಲು ಶಿವಮೊಗ್ಗಕ್ಕೆ ಹೋದ ವರ್ಷ ದಾಕ್ಷಾಯಿಣಿಗೆ ಜ್ವರ ಬಂತು. ಇಪ್ಪತ್ತು ದಿನ ನಾನು ಒಲೆಗೇರಲಿಲ್ಲ, ಕ್ಯಾರಿಯರ್ ಹೋಗಲಿಲ್ಲ. ರುದ್ರಮುನಿ ಊರುಗೋಲು ಒರಗಿಸಿಟ್ಟು ಗಂಜಿ ಕಾಯಿಸಿ ಇಬ್ಬರಿಗೂ ಕುಡಿಸಿದ. ಇಪ್ಪತ್ತೊಂದನೆಯ ದಿನ ಅವಳು ಎದ್ದು ಬಂದು ನನ್ನ ಮುಂದೆ ಕುಳಿತಳು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಬೆಂಡೆಕಾಯಿ ಗೊಜ್ಜಿಗೆ ಎಲ್ಲ ಹಾಕಿದಳು. ಒಂದು ತೊಟ್ಟು ತನ್ನ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

ಮತ್ತೊಂದು ತೊಟ್ಟು ನೆಕ್ಕಿದಳು. ಬೆಲ್ಲ ಹಾಕಿದಳು. ನೆಕ್ಕಿದಳು. ಉಪ್ಪಿನ ಡಬ್ಬಿ ತೆಗೆದು ಒಂದು ಹರಳನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಹುಣಸೆಹಣ್ಣನ್ನು ಹಾಗೇ ಕಚ್ಚಿದಳು. ಒಣಮೆಣಸಿನಕಾಯಿಯನ್ನು ಮುರಿದು ಮೂಗಿಗೆ ಹಿಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಅದು ಖಾರದ ನೀರಲ್ಲ. ಜ್ವರ ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಕೊಂಡೊಯ್ದಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಮಾತು ಹಳಿಯ ಮೇಲೆ ಓಡಿದಂತೆ ಕಾಲೋನಿಯೆಲ್ಲ ಓಡುತ್ತದೆ. ರುಚಿ ಗೊತ್ತಿಲ್ಲದವಳ ಕ್ಯಾರಿಯರ್ ಯಾರಿಗೆ ಬೇಕು? ಕ್ಯಾರಿಯರ್ ನಿಂತರೆ ಮಗಳ ಓದು ನಿಲ್ಲುತ್ತದೆ. ಬರಬಹುದು, ನಾಳೆ ಬರಬಹುದು ಎಂದುಕೊಂಡು ಅಂದಾಜಿನಲ್ಲಿ ಅಡಿಗೆ ಮಾಡಿದಳು. ಆದರೆ ಹೆದರಿದ ಕೈಗೆ ಅಂದಾಜು ಇರುವುದಿಲ್ಲ. ಒಂದು ದಿನ ಬೆಲ್ಲ ಎರಡು ಸಲ ಬಿತ್ತು, ಇನ್ನೊಂದು ದಿನ ಉಪ್ಪೇ ಬೀಳಲಿಲ್ಲ. ನನಗೆಲ್ಲ ತಿಳಿಯುತ್ತಿತ್ತು, ನನಗೆ ಬಾಯಿರಲಿಲ್ಲ. ಸಂಜೆ ಕ್ಯಾರಿಯರುಗಳು ಬಂದಾಗ ಮೇಲಿನ ಪುಟ್ಟ ಡಬ್ಬಿ ಹಾಗೇ ತುಂಬಿರುತ್ತಿತ್ತು. ಒಬ್ಬ ಫೈರ್‌ಮನ್ ಬಾಗಿಲಲ್ಲಿ ನಿಂತು, "ಅಕ್ಕಾ, ಇನ್ನೂ ಮೈ ಸರಿ ಹೋಗಿಲ್ವಾ? ಇನ್ನೊಂದೆರಡು ವಾರ ಸುಧಾರಿಸ್ಕೋಬೇಕಿತ್ತು," ಎಂದ. ಒಳ್ಳೆಯ ಮಾತಿನಲ್ಲೇ ಅಂದ. ಅವನು ಹೋದ ಮೇಲೆ ಅವಳು ಬಾಗಿಲ ಚಿಲಕ ಹಾಕಿ ಅಲ್ಲೇ ಕುಸಿದು ಕುಳಿತಳು.

ಎಂಟನೆಯ ದಿನ ಮಧ್ಯಾಹ್ನ ಅತ್ತೆಗೆ ತುತ್ತು ಇಡುವಾಗ ಹಾಲಮ್ಮ ತಟ್ಟೆಯನ್ನು ನಡುಗುವ ಕೈಯಿಂದ ತಡೆದಳು.

"ಇದ್ಯಾರು ಮಾಡಿದ್ದು?"

"ನಾನೇ, ಅತ್ತೆ."

"ಸುಳ್ಳು. ಈ ಮನೇಲಿ ನಲ್ವತ್ತು ವರ್ಷದಲ್ಲಿ ಇಂಥ ಗೊಜ್ಜು ಆಗಿಲ್ಲ. ಒಂದು ವಾರದಿಂದ ನೋಡ್ತಾ ಇದೀನಿ. ಏನಾಗೈತೆ ನಿಂಗೆ?"

ದಾಕ್ಷಾಯಿಣಿ ತಟ್ಟೆ ಕೆಳಗಿಟ್ಟಳು. ಆಮೇಲೆ, "ನಂಗೇನೂ ಗೊತ್ತಾಗಲ್ಲ ಅತ್ತೆ. ಉಪ್ಪು ಹುಳಿ ಏನೂ. ಬಟ್ಟೆ ಅಗಿದಂಗೆ ಆಗ್ತೈತೆ," ಎಂದಳು. ಅಷ್ಟು ಹೇಳಿದ್ದೇ ತಡ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಎಂದೂ ಬೈಯದವಳಿಂದ ಇಂದು ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹಾಲಮ್ಮ ಮೇಲಿನ ಹಂಚನ್ನು ನೋಡುತ್ತ ಮಲಗಿದ್ದಳು.

"ನನ್ನ ಕೈ ಹೋಗಿ ಆರು ವರ್ಷ ಆಯ್ತು," ಎಂದಳು. "ನಿನ್ನ ನಾಲಿಗೆ ಹೋಗಿ ಎಂಟು ದಿನ. ಅಳೋದು ಆಮೇಲೆ ಅಳು. ಒಲೆನ ಈ ಬಾಗ್ಲ ಹತ್ರಕ್ಕೆ ಎಳ್ಕೋ. ನನ್ನ ಕೈ ಎಟುಕ್ಬೇಕು."

ಮಾರನೆಯ ದಿನದಿಂದ ಒಲೆ ಮಂಚದ ಪಕ್ಕದಲ್ಲಿತ್ತು. ಪ್ಯಾಸೆಂಜರ್ ಕೂಗಿದ ಮೇಲೆ ದಾಕ್ಷಾಯಿಣಿ ಏಳುತ್ತಿದ್ದಳು, ಹಾಲಮ್ಮನನ್ನೂ ಎಬ್ಬಿಸುತ್ತಿದ್ದಳು, ಬಾಯಿ ತೊಳೆಸಿ ದಿಂಬಿಗೆ ಒರಗಿಸುತ್ತಿದ್ದಳು. ಗೊಜ್ಜು ಕುದಿಯತೊಡಗಿದರೆ ಒಂದು ತೊಟ್ಟು ಆ ನಡುಗುವ ಅಂಗೈಗೆ. "ಊಹುಂ. ಕಡ್ಲೆಕಾಳಿನಷ್ಟು ಬೆಲ್ಲ." ಮತ್ತೊಂದು ತೊಟ್ಟು. "ಉಪ್ಪು." ಮತ್ತೊಂದು. "ಇಳಿಸು." ಒಂದು ವಾರದೊಳಗೆ ಪುಟ್ಟ ಡಬ್ಬಿಗಳು ಬರಿದಾಗಿ ಬರತೊಡಗಿದವು.

ಹೊರಗಿನವರಿಗೆ ಏನೂ ತಿಳಿಯಲಿಲ್ಲ. "ಅಕ್ಕನ ಕೈ ಮತ್ತೆ ಸರಿಹೋಯ್ತು," ಎಂದರು. ಆ ಮಾತು ಕೇಳಿದಾಗಲೆಲ್ಲ ದಾಕ್ಷಾಯಿಣಿ ಮುಖ ತಿರುಗಿಸುತ್ತಿದ್ದಳು, ಬೇರೆಯವರ ಒಡವೆ ಹಾಕಿಕೊಂಡು ಸಿಕ್ಕಿಬಿದ್ದವಳಂತೆ.

ವರ್ಷಗಳು ಹೀಗೆ ಹೋದವು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಎರಡು ದಣಿದ ಹೆಂಗಸರು, ಒಬ್ಬಳು ಮಲಗಿ, ಒಬ್ಬಳು ಕುಕ್ಕರಗಾಲಲ್ಲಿ ಕೂತು, ನಡುವೆ ನಾನು. ದಾಕ್ಷಾಯಿಣಿ ತಾನು ಉಣ್ಣುವುದನ್ನು ಒಂದು ಕೆಲಸದಂತೆ ಮಾಡುತ್ತಿದ್ದಳು. ನೀರು ಕುಡಿದು ಕುಡಿದು ತುತ್ತನ್ನು ಒಳಗೆ ತಳ್ಳುತ್ತಿದ್ದಳು. ಕಿತ್ತಳೆ ಸಿಪ್ಪೆಯ ಗೊಜ್ಜು ಒಂದು ಕಾಲಕ್ಕೆ ಅವಳಿಗೆ ಪ್ರಾಣವಾಗಿತ್ತು. ಈಗ ಅದನ್ನು ತಟ್ಟೆಗೆ ಹಾಕಿಕೊಳ್ಳುತ್ತಲೇ ಇರಲಿಲ್ಲ. ಹಾಲಮ್ಮ ಕೆಲವು ಬೆಳಗ್ಗೆ ಕಣ್ಣು ತೆರೆಯಲಾರದೆ, "ಇವತ್ತೊಂದು ದಿನ ಬಿಡೇ. ನನ್ನ ಸಾಯೋಕೂ ಬಿಡಲ್ವಲ್ಲ ನೀನು," ಎನ್ನುತ್ತಿದ್ದಳು.

"ಹದಿನಾಲ್ಕು ಜನ ಕಾಯ್ತಾ ಇರ್ತಾರೆ, ಅತ್ತೆ. ಎದ್ದೇಳಿ."

"ನಿನ್ನ ಹದಿನಾಲ್ಕು ಜನದ ಮನೆ ಹಾಳಾಗ," ಎನ್ನುತ್ತ ಹಾಲಮ್ಮ ಅಂಗೈ ಚಾಚುತ್ತಿದ್ದಳು.

ರುಚಿ ಹೋದ ಐದನೆಯ ವರ್ಷದ ಮಾವಿನ ಕಾಲ. ಒಂದು ಬೆಳಗ್ಗೆ ದಾಕ್ಷಾಯಿಣಿ ಮಾವಿನಕಾಯಿ ಗೊಜ್ಜಿಗೆ ಇಟ್ಟಿದ್ದಳು. ಬೆಲ್ಲದ ಉಂಡೆಯನ್ನು ಕೆತ್ತಿ, ಪುಡಿಯನ್ನು ತಟ್ಟೆಯಲ್ಲಿ ನನ್ನ ಪಕ್ಕಕ್ಕಿಟ್ಟು, ರುದ್ರಮುನಿ ಕರೆದನೆಂದು ಎದ್ದುಹೋದಳು. ಅವನ ಊರುಗೋಲಿನ ತುದಿಯ ರಬ್ಬರ್ ಕಳಚಿತ್ತು. ಅದಕ್ಕೆ ಬಟ್ಟೆ ಸುತ್ತಿಕೊಟ್ಟು ಬಂದಳು. ಬಂದವಳೇ ಸೌಟಿನಿಂದ ಒಂದು ತೊಟ್ಟು ತೆಗೆದು ಅತ್ತೆಯ ಅಂಗೈಗೆ ಬಿಟ್ಟಳು.

ಹಾಲಮ್ಮ ನೆಕ್ಕಿದಳು. ಕಣ್ಣು ಮುಚ್ಚಿದಳು. ಎಂದಿನಷ್ಟೇ ಹೊತ್ತು ಕಾದಳು.

"ಇಳಿಸು," ಎಂದಳು.

ದಾಕ್ಷಾಯಿಣಿ ಬಟ್ಟೆ ಹಿಡಿದು ನನ್ನನ್ನು ಇಳಿಸಿದಳು. ಆಗ ತಟ್ಟೆ ಅವಳ ಕಣ್ಣಿಗೆ ಬಿತ್ತು. ಬೆಲ್ಲ ಅಲ್ಲೇ ಇತ್ತು, ಒಂದು ಚೂರೂ ಕಡಿಮೆಯಾಗದೆ. ನನ್ನೊಳಗೆ ಕುದಿಯುತ್ತಿದ್ದದ್ದು ಬರೀ ಹುಳಿ, ಹಲ್ಲು ಚಳಿಯುವಂಥ ಮಾವಿನ ಹುಳಿ.

ಅವಳು ತಟ್ಟೆಯನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಹಾಲಮ್ಮ ಅಂಗೈಯನ್ನು ಕಂಬಳಿಗೆ ಒರೆಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಮುಖದಲ್ಲಿ ಕೆಲಸ ಮುಗಿಸಿದವರ ನೆಮ್ಮದಿ ಇತ್ತು.

ಎಷ್ಟು ದಿನದಿಂದ ಹೀಗೆ? ಒಂದು ತಿಂಗಳೇ, ಒಂದು ವರ್ಷವೇ? ನನಗೂ ಗೊತ್ತಿಲ್ಲ. ಹಾಲಮ್ಮ ಆಗಾಗ "ಊಹುಂ" ಎನ್ನುತ್ತಿದ್ದಳು, "ಚೂರು ಬೆಲ್ಲ" ಎನ್ನುತ್ತಿದ್ದಳು. ಆದರೆ ಆ ಮಾತುಗಳು ಬಹಳ ಕಾಲದಿಂದ ಒಂದೇ ವರಸೆಯಲ್ಲಿ ಬರುತ್ತಿದ್ದವು: ಮೊದಲು ಬೆಲ್ಲ, ಆಮೇಲೆ ಉಪ್ಪು, ಆಮೇಲೆ ಇಳಿಸು. ಅವಳ ನಾಲಿಗೆಯೂ ಮುದಿಯಾಗಿ ಯಾವತ್ತೋ ಕೈಬಿಟ್ಟಿತ್ತು. ಆದರೂ ಅಷ್ಟು ದಿನವೂ ಡಬ್ಬಿಗಳು ಬರಿದಾಗಿ ಬಂದಿದ್ದವು. ಹಾಗಾದರೆ ಗೊಜ್ಜನ್ನು ಹದಕ್ಕೆ ತಂದದ್ದು ಯಾರು?

ದಾಕ್ಷಾಯಿಣಿ ತನ್ನ ಬಲಗೈಯನ್ನು ಮುಂದಕ್ಕೆ ಹಿಡಿದು ನೋಡಿಕೊಂಡಳು. ಬೆರಳ ತುದಿಗಳು ಸುಟ್ಟು ಸುಟ್ಟು ನುಣುಪಾಗಿದ್ದವು. ಅವಳಿಗೆ ಸಂತೋಷವಾಯಿತೆಂದು ಹೇಳಿದರೆ ಸುಳ್ಳಾದೀತು. ಮೊದಲು ಬಂದದ್ದು ಸಿಟ್ಟು. ಮುದುಕಿಯನ್ನು ಅಲ್ಲಾಡಿಸಿ ಎಬ್ಬಿಸಿ ಕೇಳಬೇಕೆಂಬಂತೆ ಅರ್ಧ ಎದ್ದಳು. ಆಮೇಲೆ ಹಾಗೇ ಕುಳಿತಳು. ಇನ್ನೂ ಕುದಿಯುತ್ತಿದ್ದ ನನ್ನೊಳಕ್ಕೆ ತಟ್ಟೆಯ ಬೆಲ್ಲವನ್ನೆಲ್ಲ ಸದ್ದಾಗದಂತೆ ಸುರಿದು, ಕದಡಿದಳು. ಕರಗುವವರೆಗೆ ಕಾದಳು. ಅತ್ತೆಗೆ ಏನೂ ಹೇಳಲಿಲ್ಲ.

ಮಾರನೆಯ ದಿನ ಅವಳು ಬೆಲ್ಲ, ಉಪ್ಪು ಎಲ್ಲವನ್ನೂ ತಾನೇ ಮೊದಲೇ ಹಾಕಿದಳು. ರಸ ಸೌಟಿನಿಂದ ಬೀಳುವ ದಾರವನ್ನು ನೋಡಿದಳು, ಅಂಚಿನಲ್ಲಿ ಎಣ್ಣೆ ಬಿಡುವುದನ್ನು ನೋಡಿದಳು, ತಲೆ ಬಗ್ಗಿಸಿ ಕುದಿಯುವ ಸದ್ದು ಕೇಳಿದಳು. ನೀರು ಕುದಿಯುವ ಸದ್ದು ಬೇರೆ, ಬೆಲ್ಲ ಹಿಡಿದ ರಸದ ಸದ್ದು ಬೇರೆ. ಎಲ್ಲ ಮುಗಿದ ಮೇಲೆ ಅತ್ತೆಯನ್ನು ಎಬ್ಬಿಸಿದಳು.

"ನೋಡಿ ಅತ್ತೆ, ಹೆಂಗೈತೆ?"

ಹಾಲಮ್ಮ ಅಂಗೈ ಚಾಚಿದಳು. "ಚೂರು ಬೆಲ್ಲ," ಎಂದಳು.

"ಹಾಕ್ದೆ," ಎಂದಳು ದಾಕ್ಷಾಯಿಣಿ. ಕೈ ಬೆಲ್ಲದ ಡಬ್ಬಿಯ ಹತ್ತಿರಕ್ಕೂ ಹೋಗಲಿಲ್ಲ.

"ಉಪ್ಪು."

"ಹಾಕ್ದೆ."

"ಇಳಿಸು."

ಹೀಗೆ ಇನ್ನೂ ಒಂದೂವರೆ ವರ್ಷ. ಆ ಮುದುಕಿಗೆ ಬೆಳಗ್ಗೆ ಕಣ್ಣು ತೆರೆಯಲು ಇದ್ದ ಕಾರಣ ಅದೊಂದೇ. ಅದನ್ನು ಕಿತ್ತುಕೊಳ್ಳಲು ದಾಕ್ಷಾಯಿಣಿಗೆ ಮನಸ್ಸಾಗಲಿಲ್ಲ. ಹಾಲಮ್ಮನಿಗೆ ಇದು ತಿಳಿದಿತ್ತೇ? ಕೆಲವು ಸಲ "ಇಳಿಸು" ಎಂದ ಮೇಲೆ ಅವಳು ಸೊಸೆಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದಳು. ನಾನು ಕಂಡದ್ದು ಅಷ್ಟೇ.

ಒಂದು ಮಧ್ಯಾಹ್ನ ಹಾಲಮ್ಮ ಮಲಗಿದವಳು ಏಳಲಿಲ್ಲ. ಸರ್ವಮಂಗಳೆ ದಾವಣಗೆರೆಯ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿದ್ದಳು, ಓಡಿ ಬಂದಳು. ಮಂಚವನ್ನು ಎತ್ತಿ ಹೊರಗಿಟ್ಟರು. ಬಾಗಿಲ ಪಕ್ಕದ ನೆಲದ ಮೇಲೆ ಮಂಚದ ಕಾಲಿನ ನಾಲ್ಕು ಗುರುತುಗಳು ಬೆಳ್ಳಗೆ ಉಳಿದವು.

ಹನ್ನೊಂದನೆಯ ದಿನದ ಕಾರ್ಯಕ್ಕೆ ದಾಕ್ಷಾಯಿಣಿ ಬೇರೆಯವರನ್ನು ಒಲೆಯ ಹತ್ತಿರ ಬಿಡಲಿಲ್ಲ. ಹಾಗಲಕಾಯಿ ಗೊಜ್ಜು ಇಟ್ಟಳು. ಎಲ್ಲ ಹಾಕಿದಳು. ಎಣ್ಣೆ ಬಿಟ್ಟಿತು. ಸೌಟಿನಿಂದ ಒಂದು ತೊಟ್ಟು ತೆಗೆದು, ಅಭ್ಯಾಸದಂತೆ ಬಾಗಿಲ ಕಡೆಗೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಸೌಟು ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಇಳಿಸಬೇಕಾದ ಹೊತ್ತು ಮೀರುತ್ತಿತ್ತು. ತಳ ಹಿಡಿಯುವ ಭಯ ನನಗೆ.

ಊರುಗೋಲಿನ ಸದ್ದಾಯಿತು. ಆ ಜ್ವರದ ದಿನಗಳನ್ನು ಬಿಟ್ಟರೆ ರುದ್ರಮುನಿ ಅಡಿಗೆಮನೆಗೆ ಬಂದವನಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಂಗೈಯನ್ನು ಮುಂದೆ ಚಾಚಿದ.

"ಇಲ್ಲಿ ಬಿಡು."

ಅವಳು ಅವನನ್ನೇ ನೋಡಿದಳು. "ನಿಮಗೆ ಹೆಂಗೆ..."

"ಒಲೆ ಮಂಚದ ಹತ್ರ ಬಂದ ದಿನಾನೇ ಗೊತ್ತಾಯ್ತು. ಬಿಡು."

ತೊಟ್ಟು ಬಿತ್ತು. ಸೀಮೆಎಣ್ಣೆಯ ಕಪ್ಪು ಇಳಿದ ಗೆರೆಗಳ ಮೇಲೆ ಅದು ಹರಡಿತು. ಅವನು ನೆಕ್ಕಿದ, ಎಂಜಲು ನುಂಗಿದ, ನಾಚಿದವನಂತೆ ನೆಲ ನೋಡಿದ.

"ನಂಗೆ ಹುಳಿ ಬೆಲ್ಲ ಅಂತ ಬಿಡಿಸಿ ಹೇಳೋಕೆ ಬರಲ್ಲ, ದಾಕ್ಷಿ. ಚೆನ್ನಾಗೈತೆ. ಅಷ್ಟೇ ಗೊತ್ತಾಗೋದು."

ಆ ಅಡಿಗೆಮನೆಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ದಾಕ್ಷಾಯಿಣಿ ನನ್ನನ್ನು ಇಳಿಸಿದಳು. ಗಂಡ ಹೋದ ಮೇಲೆ ನನ್ನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿ ತಾಗುತ್ತಿದೆ ಎಂಬುದನ್ನೂ ಮರೆತು, ತಲೆ ತಗ್ಗಿಸಿ ಕುಳಿತಳು. ಅತ್ತೆಗಾಗಿ ಅವಳು ಅತ್ತದ್ದು ಆಗ.

ಅವಳು ಇನ್ನೂ ಮೂರು ವರ್ಷ ಕ್ಯಾರಿಯರ್ ಕಳುಹಿಸಿದಳು. ರುದ್ರಮುನಿಯ ಕೆಲಸದ ಅವಧಿ ಮುಗಿದು, ಕ್ವಾರ್ಟರ್ಸ್ ಬಿಡಬೇಕಾದಾಗ ಎಲ್ಲ ಕ್ಯಾರಿಯರುಗಳನ್ನೂ ಬೂದಿ ಹಾಕಿ ಬೆಳಗಿ ಅವರವರಿಗೆ ಹಿಂದಿರುಗಿಸಿದಳು. ಆ ಸಂಜೆ ನನ್ನನ್ನೂ ತೊಳೆದು, ಒರೆಸಿ, ಗೋಡೆಯ ಪಕ್ಕದಲ್ಲಿ ಬೋರಲು ಹಾಕಿದಳು. ಮಾರನೆಯ ಬೆಳಗ್ಗೆ ಪ್ಯಾಸೆಂಜರ್ ಎಂದಿನಂತೆ ಕೂಗಿತು. ಅವಳು ಏಳಲಿಲ್ಲ.

"ದಾಕ್ಷಿ, ರೈಲು ಹೋಯ್ತು," ಎಂದ ರುದ್ರಮುನಿ.

"ಹೋಗ್ಲಿ ಬಿಡಿ," ಎಂದು ಅವಳು ಮಗ್ಗುಲು ಬದಲಿಸಿದಳು. ಬಿಸಿಲು ಅಡಿಗೆಮನೆಯೊಳಕ್ಕೆ ಬಂದು, ನನ್ನ ಬೆನ್ನಿನ ಮೇಲೆ ಬಿದ್ದು, ದಾಟಿ ಹೋಯಿತು. ಒಲೆಗೇರಿದಂದಿನಿಂದ ನಾನು ಕಂಡ ಎಷ್ಟೋ ತಣ್ಣನೆಯ ಬೆಳಗುಗಳು ಜ್ವರದವು, ಸಾವಿನವು. ಇದೊಂದು ಮಾತ್ರ ಬರೀ ನಿದ್ದೆಯದು.

ಈಗ ನಾವು ದಾವಣಗೆರೆಯಲ್ಲಿದ್ದೇವೆ, ಸರ್ವಮಂಗಳೆಯ ಮನೆಯಲ್ಲಿ. ಮನೆ ಸಾಗಿಸುವಾಗ ಲಾರಿಯಲ್ಲಿ ನನ್ನ ಅಂಚಿನಿಂದ ಹೊಟ್ಟೆಯವರೆಗೆ ಕೂದಲಿನಷ್ಟು ತೆಳುವಾದ ಒಂದು ಬಿರುಕು ಬಿಟ್ಟಿತು. ಇನ್ನು ಒಲೆ ನನಗೆ ಕೂಡದು. ಈ ಮನೆಯಲ್ಲಿ ಗ್ಯಾಸು, ಸ್ಟೀಲು. 'ಇದನ್ನು ಎಸೆಯೋಣವೇ' ಎಂದು ಯಾರೂ ಕೇಳಲಿಲ್ಲ. 'ಇದನ್ನು ಎಲ್ಲಿಡೋಣ' ಎಂದಷ್ಟೇ ಕೇಳಿದರು. ಉಗ್ರಾಣದ ಕಡಪ ಕಲ್ಲಿನ ಕಟ್ಟೆಯ ಮೇಲೆ ಜಾಗ ಸಿಕ್ಕಿತು. ವರ್ಷಕ್ಕಾಗುವ ಹುಣಸೆಹಣ್ಣನ್ನು ಉಪ್ಪು ಬೆರೆಸಿ ನನ್ನಲ್ಲಿ ಒತ್ತಿಟ್ಟಿದ್ದಾರೆ. ಕುದಿಯುವುದು ಮುಗಿದರೂ ಹುಳಿ ಹೊರುವುದು ಮುಗಿದಿಲ್ಲ.

ಹುಳಿ ಕಲ್ಲಿಗೆ ಏನೂ ಮಾಡದು ಎನ್ನುವವರು ನನ್ನ ಒಳಗನ್ನು ಬೆರಳಿಂದ ಮುಟ್ಟಿ ನೋಡಬೇಕು. ಕಾಳಾಚಾರಿ ಬಿಟ್ಟ ಉಳಿಯ ಗೆರೆಗಳು ಒಂದೂ ಉಳಿದಿಲ್ಲ. ನುಣ್ಣಗಾಗಿದ್ದೇನೆ, ತೆಳ್ಳಗಾಗಿದ್ದೇನೆ. ಸವೆಸಿದ್ದು ಹುಳಿಯೋ ಸೌಟೋ ತಿಳಿಯದು. ಪ್ರತಿ ಬೆಳಗ್ಗೆಯೂ ಮತ್ತೆ ಮೊದಲಿನಿಂದ ಮಾಡಬೇಕಾದ ಕೆಲಸವೇ ಸವೆಸಿತು ಎಂದು ನನಗನ್ನಿಸುತ್ತದೆ. ಅದರ ಬಗ್ಗೆ ನನಗೆ ದೂರಿಲ್ಲ. ದಣಿವಾಗಿದೆ, ಅಷ್ಟೇ.

ದಾಕ್ಷಾಯಿಣಿಗೆ ಎಪ್ಪತ್ತು ದಾಟಿದೆ. ಹೋದ ರುಚಿ ಹಿಂದಿರುಗಲಿಲ್ಲ. ದಿನಕ್ಕೊಮ್ಮೆ ಉಗ್ರಾಣಕ್ಕೆ ಬರುತ್ತಾಳೆ. ನಿಂಬೆಗಾತ್ರದ ಹುಣಸೆಹಣ್ಣನ್ನು ಕಿತ್ತು ತೆಗೆಯುತ್ತಾಳೆ. ಆಮೇಲೆ ನನ್ನ ಅಂಚಿನ ಮೇಲೆ ಕೈಯೂರಿ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಹಳೆಯ ನೆನಪಿನಿಂದ ಹಾಗೆ ನಿಲ್ಲುತ್ತಾಳೆಂದು ನಾನು ಜಂಬ ಪಡುವುದಿಲ್ಲ. ಅವಳಿಗೆ ಮಂಡಿನೋವು. ಉಗ್ರಾಣದಿಂದ ಅಡಿಗೆಮನೆಗೆ ಹದಿನಾರು ಹೆಜ್ಜೆ. ಹೊರಡುವ ಮೊದಲು ಸುಧಾರಿಸಿಕೊಳ್ಳಲು ಅಲುಗಾಡದ್ದೊಂದು ಬೇಕು. ನಾನಿದ್ದೇನೆ.